ಉಪ್ಪಿನ ಅಂಚು

ಗುರುವಾರ ಐದೂವರೆಗೆ ಪ್ರಯೋಗಾಲಯಕ್ಕೆ ಬೀಗ ಜಡಿದು
ಕೈ ಎರಡೆರಡು ಸಲ ತೊಳೆದು ಹೊರಡುತ್ತೇವೆ, ಮೂವರೂ:
ಟೂಸಾನ್ ಊರಿನ ಕುಡಿಯುವ ನೀರಿಗೆ
ಹಗಲೆಲ್ಲ ಅಂಕ ಹಾಕುವ ನಾನು,
ಮೀಟರು ಓದುತ್ತ ಓದುತ್ತ
ಬೀದಿ ಬೀದಿಯ ನಾಯಿಗಳ ಹೆಸರು ಬಲ್ಲ ಯೋಲಾಂಡಾ,
ಪಂಪು ರಿಪೇರಿಯ ಡ್ವೇನ್.
ಡ್ವೇನ್ ಕುಡಿಯುವುದಿಲ್ಲ. ಬಿಟ್ಟು ನಾಲ್ಕು ವರ್ಷ, ಎರಡು ತಿಂಗಳು.
ಕಾರು ಅವನದು.

ಪುಸ್ತಕ ನನ್ನದು. ಕಿರಾಣಿ ಅಂಗಡಿಯ ಸಾಲದ ಲೆಕ್ಕದಂತೆ
ಉದ್ದಕ್ಕೆ ಗೆರೆ ಎಳೆದು ಮನೆ ಮಾಡಿದ್ದೇನೆ:
ನಿಂಬೆಗೆ ಮೂರು, ಟೆಕೀಲಾಕ್ಕೆ ಮೂರು,
ಉಪ್ಪಿಗೆ ಎರಡು, ಐಸಿಗೆ ಒಂದು.
ಉಳಿದ ಒಂದು ಯಾವುದಕ್ಕೆಂದು
ಇನ್ನೂ ತೀರ್ಮಾನವಾಗಿಲ್ಲ.

ಮೊದಲು ಹೋದದ್ದು ಹೆದ್ದಾರಿ ಪಕ್ಕದ ದೊಡ್ಡ ಹೋಟೆಲಿಗೆ.
ಬೋಗುಣಿಯಷ್ಟು ಗಾಜು. ಯಂತ್ರದೊಳಗೆ
ಗಿರಗಿರ ತಿರುಗಿ ಇಳಿದ ಹಸಿರು ಕೆಸರು.
ಮೊದಲ ಗುಟುಕಿಗೆ ನೆತ್ತಿ ಜುಮ್ಮೆಂದಿತು,
ಎರಡನೆಯದಕ್ಕೆ ಜ್ವರದ ಸಿರಪ್ಪು ನೆನಪಾಯಿತು.
‘ನಿಂಬೆಹಣ್ಣು ಇತ್ತ ಹಾದು ಹೋಗಿದೆಯಾ?’ ಅಂದೆ.
‘ಫೋಟೋ ತೋರಿಸಿರಬೇಕು’ ಅಂದಳು ಯೋಲಾಂಡಾ.
ಎರಡು. ಅದೂ ಗಾಜು ತೊಳೆದಿದ್ದರು ಅಂತ.

ಮುಂದಿನ ವಾರ ವಿಶ್ವವಿದ್ಯಾಲಯದ ಬೀದಿ.
ಮೀಸೆ ತಿರುವಿದ ಹುಡುಗ, ಹೊಗೆ ಕುಡಿಸಿದ ಉಪ್ಪು,
ಜೇನು, ಒಂದು ಎಲೆ, ಎಲೆಯ ಮೇಲೊಂದು ಹೂವು,
ಮಂಗಳಾರತಿ ಯಾವಾಗ ಅಂತ ಕಾದು ಕೂತೆ.
ಕುಡಿದರೆ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ?
ಏಳು ಬರೆದು
ಬಿಲ್ಲು ನೋಡಿ ಆರು ಮಾಡಿದೆ.

ಡ್ವೇನನಿಗೆ ಎಲ್ಲಿ ಹೋದರೂ ಒಂದೇ:
ಪ್ಲಾಸ್ಟಿಕ್ ಲೋಟ, ಸೋಡಾ, ನಿನ್ನೆಯ ನಿಂಬೆ ಹೋಳು.
ಒಂದು ಕಡೆಯಂತೂ ಲೋಟದ ಮೇಲೆ
ಬಾಲ ಎತ್ತಿದ ಡೈನೋಸಾರ್.
ಅವನೇನೂ ಅನ್ನುವುದಿಲ್ಲ. ಐಸು ಕಡಿಯುತ್ತಾನೆ.
ತಟ್ಟೆಯಲ್ಲಿ ಚಿಟಿಕೆ ಉಪ್ಪು ತರಿಸಿ ನಾಲಿಗೆಗಿಟ್ಟು
‘ತೇವ ಹಿಡಿದಿದೆ’ ಅನ್ನುತ್ತಾನೆ, ‘ಡಬ್ಬಿ ಮುಚ್ಚಿಲ್ಲ.’
ಉಪ್ಪಿನ ಮನೆ, ಐಸಿನ ಮನೆ
ಅವನು ಹೇಳಿದ ಹಾಗೆಯೇ ತುಂಬುತ್ತೇನೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು—
ನಮ್ಮ ಕಡೆಯ ಗಾದೆ, ಒಮ್ಮೆ ಬಿಡಿಸಿ ಹೇಳಿದೆ.
‘ಅದಕ್ಕೇ ನಮ್ಮ ಇಲಾಖೆ ನಡೀತಿರೋದು’ ಅಂದಳು ಯೋಲಾಂಡಾ,
ಹೆಸರಿಗಷ್ಟೇ ನದಿಯಾದ ನದಿಯ
ಸೇತುವೆ ದಾಟುತ್ತ.

ಹದಿನಾಲ್ಕನೆಯದು ರೈಲು ಹಳಿಯ ಪಕ್ಕ.
ಬೋರ್ಡಿನಲ್ಲಿ ಒಂಟಿಕಾಲಿನ ಹುಂಜ. ಒಳಗೆ ಆರೇ ಮೇಜು.
ಗೂಡ್ಸು ಹಾದಾಗೆಲ್ಲ ಕಪಾಟಿನ ಗಾಜುಗಳು
ಒಂದಕ್ಕೊಂದು ಚಾಡಿ ಹೇಳುತ್ತವೆ.
ಎಲ್ವೀರಾ ಅಂತೆ ಹೆಸರು, ಅರವತ್ತು ದಾಟಿದವಳು,
ರೊಟ್ಟಿ ತಟ್ಟಿ ಗಟ್ಟಿಯಾದ ಮುಂಗೈ.
ಪಾನೀಯದ ಪಟ್ಟಿಯನ್ನು ಡ್ವೇನ್ ಮಗುಚಿಟ್ಟಿದ್ದು ನೋಡಿದಳು.
ಏನೂ ಕೇಳಲಿಲ್ಲ.

ಒಂದೇ ಜಾತಿಯ ಮೂರು ಗಾಜು ಇಳಿಸಿ
ಮೂರರ ಅಂಚಿಗೂ ನಿಂಬೆ ಸವರಿ
ಮೂರನ್ನೂ ಉಪ್ಪಿನ ಮೇಲೆ ಬೋರಲು ತಿರುವಿ
ಒಂದೊಂದಕ್ಕೂ ಬೇರೆ ಬೇರೆ ಹಣ್ಣು ಹಿಂಡಿ
ಒಂದೊಂದನ್ನೂ ಬೇರೆ ಬೇರೆ ಕುಲುಕಿ—
ಮೂರನೆಯದರ ಹತ್ತಿರ ಬಾಟಲಿ ಸುಳಿಯಲಿಲ್ಲ.
ಕಿತ್ತಳೆ ಸಿಪ್ಪೆಯನ್ನು ಬೆಂಕಿಗೆ ಹಿಡಿದು
ಎರಡು ತೊಟ್ಟು ಹಿಚುಕಿದಳು, ಅಷ್ಟೆ.

ಕಾಲಿರುವ ಗಾಜನ್ನು ಹಿಡಿಯುವುದು ಹೇಗೆಂದು
ಅವನ ಕೈಗೆ ಮರೆತೇ ಹೋಗಿತ್ತು.
ಮೊದಲು ಮೂಸಿದ. ಅವಳತ್ತ ನೋಡಿದ.
‘ಇಲ್ಲ’ ಅಂದಳು, ಮೇಜು ಒರೆಸುತ್ತಲೇ.
ಕುಡಿದ.
ಪಂಪಿನ ವಾಷರು ಪರೀಕ್ಷಿಸುವವನ ಹಾಗೆ
ಅಂಚನ್ನು ಸುತ್ತ ತಿರುಗಿಸಿ ತಿರುಗಿಸಿ
ಕೊನೆಯ ಹರಳಿನವರೆಗೂ ನೆಕ್ಕಿದ.
‘ಪುಸ್ತಕ ಕೊಡು.’

ನಿಂಬೆ ಮೂರು. ಟೆಕೀಲಾದ ಮನೆಯಲ್ಲಿ ಉದ್ದಕ್ಕೊಂದು ಗೀಟು.
ಉಪ್ಪು ಎರಡು, ಐಸು ಒಂದು,
ಯಾರದೂ ಅಲ್ಲದ ಆ ಒಂದಕ್ಕೂ ಒಂದು.
ಒಟ್ಟು: ಹತ್ತು.

‘ಲೆಕ್ಕ ತಪ್ಪಿದೆ, ಏಳಾಗಬೇಕು’ ಅಂದಳು ಯೋಲಾಂಡಾ.
ದಶಾಂಶ ಬಿಂದು ಒಂದು ಮನೆ ಸರಿದರೂ
ಇಡೀ ವರದಿ ವಾಪಸು ಕಳಿಸುವವಳು ನಾನು.
ಕೆಳಗೆ ಸಹಿ ಹಾಕಿದೆ.

ನನ್ನ ಗಾಜಿನದಕ್ಕೆ ಎಂಟು.
ಹುಳಿ ತುಸು ಮುಂದಾಗಿತ್ತು.