ಹನ್ನೆರಡು ಮಿಲಿಮೀಟರ್

ಹಿಂದಿನ ಶಾಕ್ ಬದಲಿಸಿ ಸೀಟು ಇಳಿಸಿಕೊಂಡಾಗ
ನನಗೆ ಬೇಕಿದ್ದದ್ದು ಇಷ್ಟೇ:
ಎರಡೂ ಪಾದ ನೆಲಕ್ಕೆ ಊರಬೇಕು.
ಊರಿದವು. ಗಾಡಿ ಮಾತ್ರ ಮುಖ ಎತ್ತಿ ನಿಂತಿತು
ಮೂಗುದಾರ ಜಗ್ಗಿದ ಹೋರಿಯ ಹಾಗೆ.
ಕುಂಚಿಗನಾಳ್ ತಿರುವಿನಲ್ಲಿ ನಾನು ಎಡಕ್ಕೆ ಅಂದರೆ
ಅದು, ನೋಡೋಣ ಅನ್ನುತ್ತಿತ್ತು.

ಚಳ್ಳಕೆರೆ ಗೇಟಿನ ದಾದಾಪೀರ್ ಓಡಿಸಿ ನೋಡಲಿಲ್ಲ.
ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿದ,
ಗೋಡೆ ಕಟ್ಟುವವನು ನೂಲು ನೋಡುವಂತೆ.
"ಹಿಂದೆ ಇಳಿಸಿದೋರು ಮುಂದೆ ಮರೆತ್ರು, ಸಿಸ್ಟರ್."

ಬೋಲ್ಟುಗಳ ಬಿಗಿ ಬಿಟ್ಟ. ಫೋರ್ಕಿನ ಕೊಳವೆಗಳು
ಹ್ಯಾಂಡಲ್ ಪಕ್ಕ ತುಸು ತಲೆ ಎತ್ತಿದವು,
ಹನ್ನೆರಡು ಮಿಲಿಮೀಟರ್, ಎರಡೂ ಕಡೆ ಸಮ.
ಇನ್ನೊಂಚೂರು, ಅಂದೆ.
"ಬ್ಯಾಡ. ಜಾಸ್ತಿಯಾದ್ರೆ ಹೈವೇಲಿ ತಲೆ ಅಲ್ಲಾಡಿಸ್ತದೆ."
ನಾನೂ ಹೀಗೇ ಹೇಳುತ್ತೇನೆ ದಿನಾ,
ಬಿಪಿ ಮಾತ್ರೆ ಎರಡು ಕೇಳುವ ಅಜ್ಜಿಗೆ.

ಅದೇ ತಿರುವು, ಗುಡ್ಡದ ಮೇಲೆ ಅವೇ ಗಾಳಿಯಂತ್ರಗಳು.
ನಾನಿನ್ನೂ ಎಡಕ್ಕೆ ನೋಡುತ್ತಿದ್ದೆ,
ಗಾಡಿ ಆಗಲೇ ತಿರುಗಿತ್ತು.
ಬೆನ್ನ ಹಿಂದೆ ಲಸಿಕೆ ಡಬ್ಬಿ ಉಸಿರೆತ್ತಲಿಲ್ಲ.

ಸಬ್‌ಸೆಂಟರ್ ಮುಂದೆ ಸ್ಟ್ಯಾಂಡ್ ಹಾಕಿ ಇಳಿದೆ.
ಧೊಪ್!
ಗಾಡಿ ಗಿಡ್ಡಾಗಿತ್ತು, ಸ್ಟ್ಯಾಂಡು ಮೊದಲಿನಷ್ಟೇ ಉದ್ದ;
ಈಚೆ ಒರಗಲಾರದೆ ಆಚೆ ಬಿತ್ತು,
ಬಾಣಂತಿಯರೆಲ್ಲ ನಕ್ಕರು.

ಮರುದಿನ ಅದನ್ನೂ ನಡುವೆ ಕೊಯ್ದು ಬೆಸೆದ.
ಉಳಿದ ಹೆಬ್ಬೆರಳುದ್ದದ ಕಬ್ಬಿಣ
ಬಿಸಿಯಿರುವಾಗಲೇ ನನ್ನ ಕೈಗೆ ಹಾಕಿದ.
ಫ್ಯಾನಿನ ಕೆಳಗೆ, ತಾಯಿ ಕಾರ್ಡುಗಳ ಮೇಲೆ ಇಟ್ಟಿದ್ದೇನೆ.
ಹಾರುವುದಿಲ್ಲ.