ಬೇಡದ ಹದಿನೇಳು

ಕ್ಲಾಕ್ಸ್‌ವೀಕ್ ಬಂದರಿನ ಹಿಂದೆ,
ಮೀನಿಗೆ ಮಂಜುಗಡ್ಡೆ ಮಾರುವ ಅಂಗಡಿಯ ಮಾಳಿಗೆಯಲ್ಲಿ
ರನ್ವಾಳ ಹೆಣಿಗೆಯಂತ್ರ. ಇನ್ನೂರು ಸೂಜಿ.
ಅದಕ್ಕೆ ತಂತಿ ಬಿಗಿದ ಲ್ಯಾಪ್‌ಟಾಪು ಕೀಲು ಮುರಿದು
ಉಪ್ಪಿನ ಡಬ್ಬಿಗೆ ಬೆನ್ನು ಕೊಟ್ಟು ಕೂತಿದೆ.

ಓಲಾವ್ಸೋಕಾ ಹಬ್ಬಕ್ಕೆ ಹನ್ನೊಂದು ದಿನ.
ಪಂದ್ಯದ ದೋಣಿಯ ಹುಡುಗಿಯರಿಗೆ ಏಳು ಟೋಪಿ,
ಆರು ಹುಟ್ಟಿಗೆ, ಒಂದು ಚುಕ್ಕಾಣಿಗೆ;
ನೀಲಿಯ ಮೇಲೆ ಬಿಳಿಯ ಕಡಲಹಕ್ಕಿ, ಕೊಕ್ಕು ಕೆಂಪು.
ನಾಲ್ಕು ಮುಗಿದಿದ್ದವು.

ಆ ರಾತ್ರಿ
(ರಾತ್ರಿ ಎನ್ನಬೇಕು ಅಷ್ಟೆ, ಜುಲೈಯಲ್ಲಿ ಅಲ್ಲಿ
ಕತ್ತಲು ನೆಪಕ್ಕೆ ಬಂದು ಹೋಗುತ್ತದೆ)
ಡಿಸ್ಕು ತುಂಬಿತೆಂದು ತೆರೆ ಗೊಣಗಿತು.
ಜಾಗ ಮಾಡು, ಎಂದಳು.
ಈ ಹದಿನೇಳು ಈಗ ಯಾರಿಗೂ ಬೇಕಿಲ್ಲ,
ತೆಗೆಯಲೇ?
ರನ್ವಾ ಅಚ್ಚುಕಟ್ಟಿನ ಹೆಂಗಸು, ನೆಲದಲ್ಲಿ
ತುಂಡು ದಾರ ಬಿದ್ದರೂ ನಿದ್ದೆ ಬಾರದವಳು.
ಹೆಸರುಗಳನ್ನು ಓದಲಿಲ್ಲ.
ಹೌದು, ಎಂದು ಒತ್ತಿದಳು.

ಬೆಳಿಗ್ಗೆ ಇನ್ನೂರು ಸೂಜಿಗಳೂ ಮೌನವ್ರತ.

ಮತ್ತೆ ಕರೆದಳು. ಬರುತ್ತೇನೆ, ಎಂದಿತು ಒಂದು,
ಆದರೆ ಜೊತೆಗೆ ಅವನು ಬರಬೇಕು.
ಅವನು ಬರಬೇಕಾದರೆ ಅವನ ಹಳೆಯ ಆವೃತ್ತಿ,
ಹಳೆಯದು ಹೊಸ್ತಿಲು ದಾಟಿದರೆ ಹೊಸದು
ಮುನಿಸಿಕೊಂಡು ಎದ್ದುಹೋಗುತ್ತದೆ, ಹೋಗುವಾಗ
ಮುದ್ರಕವನ್ನೂ ಕೈಹಿಡಿದು ಎಳೆದೊಯ್ಯುತ್ತದೆ.
ಬೀಗರ ನಡುವೆ ಮದುವೆಯ ಕರೆಯೋಲೆ ಬರೆದಷ್ಟು ಪಾಡು.

ಕ್ರೇನು ಓಡಿಸುವ ಹೋಗ್ನಿ ಮೆಟ್ಟಿಲೇರಿ ಬಂದು
ಇಣುಕಿ ನೋಡಿ ನಕ್ಕ:
ನಿನ್ನ ಹೆಣಿಗೆಯ ಹಾಗೇ ಅಲ್ಲವೇ ಇದು,
ಒಂದೆಳೆ ಎಳೆದರೆ ಎಲ್ಲ ಬಿಚ್ಚಿಕೊಳ್ಳುತ್ತದೆ.
ಸಿಟ್ಟು ಬಂತು ಅವಳಿಗೆ.
ಅಲ್ಲ. ಹೆಣಿಗೆಯಲ್ಲಿ ತಪ್ಪಿದ ಮನೆ
ಬೆರಳಿಗೆ ಸಿಗುತ್ತದೆ. ಇಲ್ಲಿ
ಯಾರು ಯಾರನ್ನು ಹೊತ್ತಿದ್ದರೆಂದು
ಬಿದ್ದಮೇಲೆ ತಿಳಿಯುತ್ತದೆ.

ಮೂರನೆಯ ದಿನ ಸಿಕ್ಕಿತು.
ಯಂತ್ರದ ಮಾತನ್ನು ತಂತಿಯಲ್ಲಿ ದಾಟಿಸುವ ಪುಟ್ಟ ಗ್ರಂಥಾಲಯ,
ಒಂದು ಫೋಟೋಗಿಂತ ಹಗುರ.
ಹೆಣಿಗೆಯ ಪ್ರೋಗ್ರಾಮನ್ನು ಒಂಬತ್ತು ವರ್ಷದ ಹಿಂದೆ
ಅವಳೇ ಪೆನ್‌ಡ್ರೈವಿನಿಂದ ಸುಮ್ಮನೆ ನಕಲು ಮಾಡಿದ್ದಳು;
ಯಾವ ದಫ್ತರಿಗೂ ಅದರ ಸುದ್ದಿ ಹೋಗಿರಲಿಲ್ಲ.
ಹಾಗಾಗಿ ಅದನ್ನು ನಂಬಿಕೊಂಡವರು ಯಾರೂ ಇಲ್ಲವೆಂದು
ಕಂಪ್ಯೂಟರು ಹೇಳಿದ್ದು ಸುಳ್ಳಲ್ಲ,
ಅದಕ್ಕೆ ಗೊತ್ತಿದ್ದ ಮಟ್ಟಿಗೆ.

ಒಳಗೆ ಬರೆದವನ ಎರಡು ಸಾಲು. ಬರ್ಟಾಲನ್, ಸೆಗೆಡ್ ಊರು:
ಆ ಯಂತ್ರ ಈಗ ನನ್ನಲ್ಲಿಲ್ಲ, ಮಾರಿಬಿಟ್ಟೆ.
ನಿಮ್ಮಲ್ಲಿ ನಡೆಯುತ್ತಿದ್ದರೆ, ದಯವಿಟ್ಟು ಮುಟ್ಟಬೇಡಿ.

ಯಾರ ಹಂಗೂ ಇಲ್ಲದೆ ಬದುಕಿದೆ
ಎಂದು ಹೇಳಿಕೊಳ್ಳುತ್ತಿದ್ದವಳು
ಚಹಾ ಆರುವವರೆಗೂ ಆ ಹೆಸರನ್ನು ನೋಡಿದಳು.
ಬರ್ಟಾಲನ್ ಅನ್ನು ಹೇಗೆ ಉಚ್ಚರಿಸಬೇಕೋ.

ಆಮೇಲೆ ಒಂದೇ ಆಜ್ಞೆ ಕುಟ್ಟಿದಳು, ಅದರ ಅರ್ಥ:
ಇದು ಯಾರದೋ ಬಾಲ ಹಿಡಿದು ಬಂದದ್ದಲ್ಲ,
ನಾನು ಬಾಯಿಬಿಟ್ಟು ಕೇಳಿ ತರಿಸಿಕೊಂಡದ್ದು.
ಉಳಿದ ಹದಿನಾರು? ಅವನ್ನು ಯಾರೂ ಕೇಳಲಿಲ್ಲ, ಈವರೆಗೆ.

ಐದನೆಯ ಟೋಪಿಯಲ್ಲಿ ಕೊಕ್ಕು ಒಂದು ಮನೆ ಓರೆ.
ಬಿಚ್ಚಲಿಲ್ಲ.
ಚುಕ್ಕಾಣಿಯವಳಿಗೆ ಅದನ್ನೇ ಕೊಟ್ಟಳು.