ಹುಳ ಹಣ್ಣಾದ ರಾತ್ರಿ

ಹುಳದ ಮನೆಯ ಬಾಗಿಲಲ್ಲಿ ಸುಣ್ಣದ ಗೆರೆ.
ಒಳಗೆ ನಾಲ್ಕನೇ ಜ್ವರ ಎದ್ದ ಹುಳಗಳು
ಸೊಪ್ಪು ಮೇಯುವ ಸದ್ದು:
ಕತ್ತಲಲ್ಲಿ ಯಾರೋ ನಿಲ್ಲಿಸದೆ
ಕಾಗದ ಹರಿಯುತ್ತಿರುವ ಹಾಗೆ.

ಗೆರೆಯ ಈಚೆ ನಾನು,
ತಿಂಗಳಲ್ಲಿ ಮೂರು ದಿನ.
"ದೂರ ಆದವರ ನೆರಳು ಬಿದ್ದರೆ
ಹುಳಕ್ಕೆ ಹಾಲುತೊಂಡೆ."
ಮದುವೆಯಾಗಿ ಬಂದ ವಾರವೇ ಅತ್ತೆ ಕಲಿಸಿದ ಪಾಠ,
ಉಪ್ಪಿನ ಮಡಕೆ ಎಲ್ಲಿದೆ ಅನ್ನುವುದಕ್ಕೂ ಮೊದಲು.

ಆಗೆಲ್ಲ ಅಂಗಡಿಯ ಪ್ಯಾಡು.
ನಂಜುಂಡಶೆಟ್ಟಿ ಅದನ್ನು ಹಳೆ ಪೇಪರಲ್ಲಿ ಸುತ್ತಿ
ಮೇಲೊಂದು ಕಪ್ಪು ಕವರು ಹಾಕಿ
ಕದ್ದ ಮಾಲಿನ ಹಾಗೆ ಕೈಗಿಡುತ್ತಿದ್ದ.
ಬಳಸಿದ್ದನ್ನು ಎಲ್ಲಿ ಬಿಸಾಡಲಿ?
ನೀರೊಲೆಗೆ ಹಾಕಿದರೆ ಪ್ಲಾಸ್ಟಿಕ್ ನಾತ,
ತಿಪ್ಪೆಯಲ್ಲಿ ಹೂತರೆ ನಾಯಿ.
ಒಂದು ಸೋಮವಾರ ನಮ್ಮ ಕೆಂಚ ಅದನ್ನು ಕಚ್ಚಿಕೊಂಡು
ಹಾಲಿನ ಡೇರಿ ಮುಂದೆ, ಕ್ಯಾನು ಹಿಡಿದು ನಿಂತವರ ನಡುವೆ,
ಬಹುಮಾನ ಗೆದ್ದವನ ಗತ್ತಿನಲ್ಲಿ ಹಾದುಹೋಯಿತು.
ಎಲ್ಲರೂ ಆಕಾಶ ನೋಡಿದರು.
ನಾನೂ.

ಶಿಡ್ಲಘಟ್ಟದ ಫಿಲೇಚರಿನಲ್ಲಿ ನೂಲು ಬಿಚ್ಚುವ ಮುಬೀನಾಗೆ
ಇದನ್ನು ಹೇಳಿದೆ.
ಬಿಸಿನೀರಲ್ಲಿ ಎಳೆ ಹುಡುಕಿ ಹುಡುಕಿ
ಬೆಂದು ಬಿಳುಪಾದ ಬೆರಳು ಅವಳದು.
ಬಿದ್ದು ಬಿದ್ದು ನಕ್ಕಳು. ಆಮೇಲೆ
ಹೊಲಿಗೆ ಮಿಷನ್ನಿನ ಡ್ರಾದಿಂದ ತೆಗೆದಳು
ನೀಲಿ ಹೂವಿನ ಬಟ್ಟೆ, ಒಳಗೆ ಮೂರು ಪದರ,
ಎರಡು ರೆಕ್ಕೆ, ಒಂದು ಟಿಚ್ ಬಟನ್.
"ತಣ್ಣೀರಲ್ಲಿ ನೆನಸು. ಬಿಸಿನೀರು ಬೇಡ, ಕಲೆ ಕೂರುತ್ತೆ.
ಬಿಸಿಲಿಗೆ ಹಾಕು.
ಕೇಳ್ತಾ ಇದೀಯಾ? ಬಿಸಿಲಿಗೆ."

ಎಲ್ಲ ಸುಲಭ, ಬಿಸಿಲೊಂದು ಬಿಟ್ಟು.
ವರ್ಷವೆಲ್ಲ ಸುಡುವ ನಮ್ಮ ಊರಲ್ಲಿ
ಐದು ತುಂಡು ಬಟ್ಟೆಗೆ ಬಿಸಿಲಿಲ್ಲ.
ಲಂಗದ ಅಡಿ, ಟವೆಲಿನ ಅಡಿ,
ಕೊನೆಗೆ ಗೋಡೆಗೆ ಒರಗಿಸಿದ ಚಂದ್ರಿಕೆಗಳ ಹಿಂದೆ
ಹಸಿಹಸಿಯಾಗಿ ಅಡಗಿ ಕೂತವು.

ಮೊನ್ನೆಯ ಬೆಳೆಯಲ್ಲಿ
ಹುಳ ಹಣ್ಣಾದ ರಾತ್ರಿಯೇ ನಾನು ದೂರ ಆದೆ.
ಕೂಲಿಯವರು ಕೈಕೊಟ್ಟರು. ಅತ್ತೆಗೆ ಮಂಡಿನೋವು,
ಮಾವನಿಗೆ ಇರುಳಲ್ಲಿ ಕಣ್ಣು ಮಂಜು.
ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ,
ಬಾಯಿಗೆ ನೂಲು ಬಂದರೆ ಇದ್ದಲ್ಲೇ ಕಟ್ಟುತ್ತದೆ.
ಕೈಕಾಲು ತೊಳೆದೆ. ಯಾರಿಗೂ ಹೇಳಲಿಲ್ಲ.
ಗೆರೆ ದಾಟಿದೆ.

ಕೋಳಿ ಕೂಗುವವರೆಗೂ ಆಯ್ದೆ.
ಬಲ್ಬಿನ ಬೆಳಕಿಗೆ ಹಿಡಿದರೆ
ಒಂದೊಂದು ಹುಳದ ಮೈಯೂ ಜೇನಿನ ಬಣ್ಣ.
ಅವುಗಳ ಮೈಯಿಂದ ನೂಲು, ನನ್ನ ಮೈಯಿಂದ ನೆತ್ತರು.
ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಗೂಡು ಗಟ್ಟಿಯಾಗಿಯೇ ಕಟ್ಟಿತು.
ಮಾರ್ಕೆಟ್ಟಿನಲ್ಲಿ ರೀಲರು ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ
ಮೊಬೈಲಲ್ಲಿ ಒಳ್ಳೆಯ ರೇಟೇ ಒತ್ತಿದನಂತೆ.

ಆ ರಾತ್ರಿ ಊಟಕ್ಕೆ ಕೂತಾಗ ಹೇಳಿಬಿಟ್ಟೆ:
"ಆವತ್ತು ನಾನು ಮುಟ್ಟಾಗಿದ್ದೆ."
ಮುದ್ದೆ ಮುರಿದ ಆಂಜಿನಪ್ಪನ ಕೈ ತಟ್ಟೆಯಲ್ಲೇ ನಿಂತಿತು.
ಮಾವ ಖಾಲಿ ಲೋಟದಿಂದ ನೀರು ಕುಡಿದರು.
ಅತ್ತೆ ಮಾತ್ರ ಸಾರು ಬಿಡುತ್ತಾ
ಉಪ್ಪು ಸಾಕಾ ಅನ್ನುವ ದನಿಯಲ್ಲಿ:
"ನಾನೂ ಹೋಗ್ತಿದ್ದೆ.
ಇಪ್ಪತ್ತೆಂಟು ವರ್ಷ.
ಸೊಪ್ಪು ಹಾಕೋಕೆ ಇನ್ಯಾರಿದ್ರು ಮನೇಲಿ?"

"ಮತ್ತೆ ನಂಗ್ಯಾಕೆ..."

"ನಿಂಗಾದ್ರೂ ಮೂರು ದಿನ
ಕೂರೋಕೆ ಸಿಗ್ಲಿ ಅಂತ."

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಬೆಳಿಗ್ಗೆ ಅಂಗಳದ ತಂತಿಯ ಮೇಲೆ
ಮಾವನ ಪಂಚೆ, ಆಂಜಿನಪ್ಪನ ಪಟಾಪಟಿ ಚಡ್ಡಿ,
ಪಕ್ಕದಲ್ಲಿ ನೀಲಿ ಹೂವಿನವು ಐದು.
ಒಣಗಿದ ಒಂದನ್ನು ಅತ್ತೆ ತಿರುಗಿಸಿ ಮುರುಗಿಸಿ ನೋಡಿದರು.
"ನಮಗೆ ಹಳೆ ಸೀರೆ ಚಿಂದಿ, ಸೂರಿನ ಸಂದಿ.
ಒಂದ್ಸಲ ಅದರೊಳಗೆ ಚೇಳಿತ್ತು" ಅಂದರು.
ಬಟನ್ ಒತ್ತಿದರು. ಟಿಚ್.
ಬಿಚ್ಚಿದರು, ಮತ್ತೆ ಒತ್ತಿದರು,
ಮುಟ್ಟು ನಿಂತು ಹದಿನೈದು ವರ್ಷವಾದ ಹೆಂಗಸು,
ಬಿಸಿಲಲ್ಲಿ ನಿಂತು,
ಟಿಚ್, ಟಿಚ್.